ಪೆಡಲ್ ನಡುಗಿದಾಗ ಕಾಲು ತೆಗೆದುಬಿಟ್ಟಿದ್ದೆ

ಎಬಿಎಸ್ (ಜೋರಾಗಿ ಬ್ರೇಕ್ ತುಳಿದಾಗ ಚಕ್ರ ತಿರುಗದೆ ಜಾರುವುದನ್ನು ತಡೆಯುವ ವ್ಯವಸ್ಥೆ) ಇರುವ ಕಾರು ತಗೊಂಡು ಎರಡು ವರ್ಷ ಆದಮೇಲೆ ಆ ಎಬಿಎಸ್ ಮೊದಲ ಸಲ ಕೆಲಸಕ್ಕೆ ಇಳಿಯಿತು. ನಾನೇ ಅದನ್ನ ಕೆಲಸ ಮಾಡೋಕೆ ಬಿಡಲಿಲ್ಲ.

ಜುಲೈ ತಿಂಗಳು. ಹಾಸನದಿಂದ ಮಂಗಳೂರಿಗೆ ಹೊರಟಿದ್ದೆವು. ದೋಣಿಗಲ್ ದಾಟಿ ಶಿರಾಡಿ ಘಾಟಿ ಇಳಿಯುತ್ತಿದ್ದೆ. ವೈಪರ್ ಎಷ್ಟು ಜೋರಾಗಿ ಓಡಿದರೂ ಸಾಲದು ಅನ್ನುವಂಥ ಮಳೆ. ವೇಗ 50ರ ಆಸುಪಾಸು, ಆ ಮಳೆಗೆ ಅದೂ ಜಾಸ್ತಿಯೇ. ತಿರುವು ಮುಗಿದರೆ ಎದುರಿಗೇ ಒಂದು ಟ್ಯಾಂಕರ್ ನಿಂತಿದೆ! ಬಲವಾಗಿ ಬ್ರೇಕ್ ತುಳಿದೆ. ಕಾಲಿನ ಕೆಳಗೆ ಪೆಡಲ್ ಗಡಗಡ ನಡುಗಿತು, ಬಾನೆಟ್ ಒಳಗಿಂದ ಕಟಕಟ ಸದ್ದು. ಏನೋ ಮುರಿದುಹೋಯಿತು ಅಂದುಕೊಂಡು ಕಾಲು ತೆಗೆದೆ. ಮತ್ತೆ ತುಳಿದೆ, ಮತ್ತೆ ನಡುಗಿತು, ಮತ್ತೆ ಬಿಟ್ಟೆ. ಕಾರು ನಿಂತಾಗ ಟ್ಯಾಂಕರಿಗೂ ನಮಗೂ ನಡುವೆ ಒಂದು ಮೊಳ ಇತ್ತು, ಅಷ್ಟೇ. ಪಕ್ಕದಲ್ಲಿದ್ದ ಹೆಂಡತಿ ಗುಂಡ್ಯದವರೆಗೂ ಒಂದು ಮಾತಾಡಲಿಲ್ಲ.

ನಾನು ಡ್ರೈವಿಂಗ್ ಕಲಿತದ್ದು ಸೋದರಮಾವನ ಮಾರುತಿ 800ರಲ್ಲಿ. "ಮಳೇಲಿ ಒಂದೇ ಸಲ ತುಳೀಬೇಡ ಕಣೋ, ಬಿಟ್ಟು ಬಿಟ್ಟು ತುಳಿ" ಅಂತ ಅವರು ನೂರು ಸಲ ಹೇಳಿದ್ದರು. ಆ ಕಾರಿಗೆ ಅದು ಸರಿಯಾದ ಮಾತೇ. ಜೋರಾಗಿ ತುಳಿದರೆ ಚಕ್ರ ಲಾಕ್ ಆಗುತ್ತೆ, ತಿರುಗದ ಚಕ್ರ ನೀರಿನ ಮೇಲೆ ಸುಮ್ನೆ ಜಾರುತ್ತೆ, ಆಗ ಸ್ಟಿಯರಿಂಗ್ ಎತ್ತ ತಿರುಗಿಸಿದರೂ ಕಾರು ನೇರ ಹೋಗುತ್ತೆ. ಅದಕ್ಕೇ ನಡುನಡುವೆ ಬಿಟ್ಟು ಚಕ್ರ ತಿರುಗುವಂತೆ ಮಾಡಬೇಕಿತ್ತು. ಎಬಿಎಸ್ ಮಾಡುವುದೂ ಅದನ್ನೇ. ಆದರೆ ನಾಲ್ಕೂ ಚಕ್ರದ ಹತ್ತಿರ ಒಂದೊಂದು ಸೆನ್ಸರ್ ಇಟ್ಟುಕೊಂಡು, ಯಾವ ಚಕ್ರ ಲಾಕ್ ಆಗುತ್ತಿದೆಯೋ ಅದರ ಬ್ರೇಕನ್ನು ಮಾತ್ರ ಸೆಕೆಂಡಿಗೆ ಹತ್ತಕ್ಕೂ ಹೆಚ್ಚು ಸಲ ಬಿಟ್ಟು ಹಿಡಿಯುತ್ತೆ. ಯಾರ ಕಾಲಿಗೂ ಆಗದ ಕೆಲಸ. ನಾನು ನಡುವೆ ಕಾಲು ತೆಗೆದರೆ ಅಷ್ಟು ಹೊತ್ತು ಬ್ರೇಕೇ ಇಲ್ಲದ ಹಾಗೆ.

ಇದನ್ನು ನನಗೆ ಹೇಳಿದ್ದು ನಮ್ಮೂರಿನ ಮೆಕ್ಯಾನಿಕ್. "ನಡುಗೋದೇ ಅದರ ಕೆಲಸ ಸಾರ್, ನಡುಗಿದ್ರೆ ಇನ್ನೂ ಗಟ್ಟಿಯಾಗಿ ತುಳೀರಿ" ಅಂದ. ಕೇಳಿದಾಗ ಸುಲಭ ಅನ್ನಿಸಿತು. ಆದರೆ ಕಾಲಿಗೆ ಹೇಳುವವರು ಯಾರು? 2019ರ ಏಪ್ರಿಲ್‌ನಿಂದ ನಮ್ಮಲ್ಲಿ ಮಾರುವ ಹೊಸ ಕಾರುಗಳಿಗೆ ಎಬಿಎಸ್ ಕಡ್ಡಾಯ. ಅದನ್ನು ತುಳಿಯುವುದು ಹೇಗೆ ಅಂತ ಮಾತ್ರ ಕಾರು ಮಾರಿದವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ಊರ ಹೊರಗೆ ಸೈಟು ಮಾರಾಟವಾಗದೆ ಖಾಲಿ ಬಿದ್ದಿರುವ ಒಂದು ಲೇಔಟ್ ಇದೆ. ಅಗಲವಾದ ಟಾರ್ ರಸ್ತೆ, ಮನೆ ಇಲ್ಲ, ಕಂಬ ಇಲ್ಲ. ಮಳೆ ಬಂದು ನಿಂತಿದ್ದ ಒಂದು ಭಾನುವಾರ ಬೆಳಿಗ್ಗೆ ಅಲ್ಲಿಗೆ ಹೋದೆ. ಹೋಗುವ ಮೊದಲು ಸೀಟಿನ ಕೆಳಗಿದ್ದ ನೀರಿನ ಬಾಟಲಿ, ಛತ್ರಿ ಎಲ್ಲ ತೆಗೆದೆ. ಜೋರಾಗಿ ಬ್ರೇಕ್ ಹಾಕಿದಾಗ ಅವು ಉರುಳಿ ಬಂದು ಪೆಡಲ್ ಅಡಿ ಸಿಕ್ಕಿಕೊಂಡರೆ ಕಥೆ ಮುಗಿಯಿತು. ಸೀಟನ್ನೂ ಎರಡು ಹಲ್ಲು ಮುಂದೆ ತಂದೆ. ಪೆಡಲ್ ಪೂರ್ತಿ ಒತ್ತಿದಾಗಲೂ ಮೊಣಕಾಲು ಸ್ವಲ್ಪ ಮಡಚಿರಬೇಕು, ಇಲ್ಲದಿದ್ದರೆ ಕಾಲಿಗೆ ಬಲ ಬರಲ್ಲ. ಇಷ್ಟು ವರ್ಷ ನಾನು ಕಾಲು ಚಾಚಿಕೊಂಡು ಆರಾಮಾಗಿ ಓಡಿಸುತ್ತಿದ್ದೆ.

ಕನ್ನಡಿಯಲ್ಲಿ ಹಿಂದೆ ಯಾರೂ ಇಲ್ಲ ಅಂತ ನೋಡಿಕೊಂಡು, 40ಕ್ಕೆ ಏರಿಸಿ, ಕ್ಲಚ್ ಮತ್ತು ಬ್ರೇಕ್ ಎರಡನ್ನೂ ಒಟ್ಟಿಗೇ ತಳ ಮುಟ್ಟುವ ಹಾಗೆ ತುಳಿದೆ. ನಡುಗಿತು. ಕಾಲು ತಾನಾಗೇ ಮೇಲೆ ಬಂತು! ಮೂರು ಸಲ ಹೀಗೇ ಆಯಿತು. ಆರನೇ ಸಲವೋ ಏಳನೇ ಸಲವೋ, ಕಾರು ಪೂರ್ತಿ ನಿಲ್ಲುವ ತನಕ ಕಾಲು ಅಲ್ಲೇ ಇತ್ತು. ಆಮೇಲೆ ರಸ್ತೆಯಲ್ಲಿ ಒಂದು ಖಾಲಿ ರಟ್ಟಿನ ಡಬ್ಬ ಇಟ್ಟು, ಬ್ರೇಕ್ ಬಿಡದೆಯೇ ಸ್ಟಿಯರಿಂಗ್ ತಿರುಗಿಸಿ ಅದರ ಪಕ್ಕದಿಂದ ಹೋಗುವುದನ್ನು ಕಲಿತೆ. ಎಬಿಎಸ್‌ನ ನಿಜವಾದ ಲಾಭ ಇರುವುದು ಇದರಲ್ಲೇ. ಡಬ್ಬ ಎರಡು ಸಲ ಅಪ್ಪಚ್ಚಿಯಾಯಿತು. ಹೆಂಡತಿ ಮೊದಲ ಸಲಕ್ಕೇ ಸರಿಯಾಗಿ ಮಾಡಿದಳು. ಅವಳು 800 ಓಡಿಸಿದವಳೇ ಅಲ್ಲ, ಮರೆಯಬೇಕಾದ್ದು ಏನೂ ಇರಲಿಲ್ಲ.

ಎಬಿಎಸ್ ಇದ್ದರೆ ಕಾರು ಗಕ್ಕನೆ ನಿಲ್ಲುತ್ತೆ ಅಂತ ಎಷ್ಟೋ ಜನ ನಂಬಿದ್ದಾರೆ. ಹಾಗೇನಿಲ್ಲ. 80ರಲ್ಲಿ ಹೋಗುವ ಕಾರು ಒಂದು ಸೆಕೆಂಡಿಗೆ 22 ಮೀಟರ್ ಓಡುತ್ತೆ, ನಿಮ್ಮ ಕಾಲು ಇನ್ನೂ ಬ್ರೇಕ್ ಮುಟ್ಟಿರಲ್ಲ. ವೇಗ ಎರಡು ಪಟ್ಟಾದರೆ, ಬ್ರೇಕ್ ಹಿಡಿದ ಮೇಲೆ ನಿಲ್ಲುವ ದೂರ ಸುಮಾರು ನಾಲ್ಕು ಪಟ್ಟು. ಟೈರ್ ಸವೆದು ನುಣ್ಣಗಾಗಿದ್ದರೆ ಯಾವ ಎಬಿಎಸ್ಸೂ ಏನೂ ಮಾಡಲ್ಲ, ಹಿಡಿತ ಕೊಡುವುದು ಟೈರೇ ಅಲ್ವಾ.

ಜಲ್ಲಿ, ಮರಳು ಇರುವ ಕಡೆ ಎಬಿಎಸ್ ಕಾರು ಇನ್ನೂ ಜಾಸ್ತಿ ದೂರ ಹೋಗುತ್ತೆ. ಲಾಕ್ ಆದ ಚಕ್ರ ಜಲ್ಲಿಯನ್ನು ಮುಂದೆ ಗುಡ್ಡೆ ಹಾಕಿಕೊಂಡು ನಿಲ್ಲುತ್ತೆ, ಎಬಿಎಸ್ ಆ ಚಕ್ರವನ್ನು ಉರುಳಿಸುತ್ತಲೇ ಇರುತ್ತೆ. ಸುಗ್ಗಿಯಲ್ಲಿ ನಮ್ಮ ಕಡೆ ರಸ್ತೆ ಮೇಲೇ ಹುರುಳಿ, ರಾಗಿ ಹರಡಿ ಒಕ್ಕಣೆ ಮಾಡುತ್ತಾರಲ್ಲ, ಅಲ್ಲಿಯೂ ಬ್ರೇಕ್ ನಂಬುವ ಹಾಗಿಲ್ಲ. ಒಂದು ಸಲ ಹುರುಳಿ ಸೊಪ್ಪಿನ ಮೇಲೆ ತುಳಿದೆ. ಪೆಡಲ್ ನಡುಗುತ್ತಲೇ ಇತ್ತು, ಕಾರು ಹೋಗುತ್ತಲೇ ಇತ್ತು. ಈಗ ದೂರದಿಂದ ಹುಲ್ಲು ಕಂಡರೆ ಮೊದಲೇ ಎರಡನೇ ಗೇರಿಗೆ ಇಳಿಸಿಬಿಡುತ್ತೇನೆ. ಗುಂಡಿ ಬಿದ್ದ ರಸ್ತೆಯಲ್ಲೂ ಹೀಗೇ: ಚಕ್ರ ಗಾಳಿಯಲ್ಲಿ ಎಗರಿದ ಒಂದು ಕ್ಷಣ ಬ್ರೇಕ್ ಹಿಡಿಯದ ಹಾಗೆ ಅನ್ನಿಸುತ್ತೆ. ಗಾಬರಿಯಾಗಿ ಕಾಲು ತೆಗೆಯಬಾರದು.

ಕೀ ತಿರುಗಿಸಿದಾಗ ಡ್ಯಾಶ್‌ಬೋರ್ಡಿನಲ್ಲಿ ಎಬಿಎಸ್ ಅಂತ ಹಳದಿ ದೀಪ ಹತ್ತಿ ಕೆಲವು ಸೆಕೆಂಡಿನಲ್ಲಿ ಆರಬೇಕು. ಹೋದ ವರ್ಷ ಒಂದು ದಿನ ಆರಲಿಲ್ಲ. ಅದೊಂದೇ ದೀಪ ಉರಿಯುತ್ತಿದ್ದರೆ ಮಾಮೂಲಿ ಬ್ರೇಕ್ ಇರುತ್ತೆ, ಎಬಿಎಸ್ ಮಾತ್ರ ಇರಲ್ಲ. ಜೊತೆಗೆ ಕೆಂಪು ದೀಪವೂ ಉರಿದರೆ ಗಾಡಿ ಓಡಿಸಲೇಬಾರದು. ನನ್ನದು ಬರೀ ಹಳದಿ. ಸರ್ವೀಸ್ ಸೆಂಟರ್ ಒಂದರಲ್ಲಿ ಇಡೀ ಯೂನಿಟ್ ಬದಲಿಸಬೇಕು ಅಂದರು. ಒಪ್ಪದೆ ವಾಪಸ್ ಹೊರಟೆ. ತುಂತುರು ಮಳೆ ಬೇರೆ. ಮಾವ ಹೇಳಿದ್ದಂತೆ ಬಿಟ್ಟು ಬಿಟ್ಟು ತುಳಿಯುತ್ತಾ, 30 ದಾಟದೆ, ನಮ್ಮ ಮೆಕ್ಯಾನಿಕ್ ಹತ್ತಿರ ಬಂದೆ. ಅವನು ಚಕ್ರದ ಹಿಂದೆ ಟಾರ್ಚ್ ಬಿಟ್ಟು ನೋಡಿದ. ಸೆನ್ಸರಿನ ವೈರನ್ನು ಇಲಿ ಕಡಿದಿತ್ತು.