ತಾಯಿ ಕಾರ್ಡ್: ಮಾಡಿಸಿ, ಬರೆಸಿಕೊಳ್ಳಿ, ಜೊತೆಗಿರಲಿ

ಬಸಿರಾದ ಸುದ್ದಿಯನ್ನು ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬಾರದು ಎನ್ನುವ ಮನೆಗಳಿವೆ. ನೆಂಟರಿಗೆ ಹೇಳದಿದ್ದರೂ ಸರಿ, ಆಶಾ ಕಾರ್ಯಕರ್ತೆಗೆ ಮಾತ್ರ ಹೇಳಿ. 12 ವಾರದೊಳಗೆ ಹೆಸರು ನೋಂದಾಯಿಸಿ ತಾಯಿ ಕಾರ್ಡ್ (ಗರ್ಭಿಣಿಯ ತಪಾಸಣೆ, ಮಗುವಿನ ಲಸಿಕೆ ಬರೆದಿಡುವ ಸರ್ಕಾರಿ ಕಾರ್ಡ್) ಮಾಡಿಸಿದರೆ ರಕ್ತಹೀನತೆ, ಬಿಪಿ, ಸಕ್ಕರೆ ಕಾಯಿಲೆ ಬೇಗ ಗೊತ್ತಾಗುತ್ತವೆ. ಆಧಾರ್, ಬ್ಯಾಂಕ್ ಪಾಸ್‌ಬುಕ್ ಒಯ್ಯಿರಿ. ಕೊನೆಯ ಮುಟ್ಟಿನ ಮೊದಲ ದಿನ ಯಾವುದೆಂದು ನೆನಪಿಟ್ಟುಕೊಂಡು ಹೋಗಿ, ಹೆರಿಗೆ ದಿನಾಂಕ ಲೆಕ್ಕ ಹಾಕುವುದು ಅದರಿಂದಲೇ. ಗರ್ಭಿಣಿಯರಿಗೆ ಸರ್ಕಾರ ಕೊಡುವ ಮಾತೃವಂದನಾ ಯೋಜನೆಯ ಹಣ ಆಧಾರ್ ಜೋಡಣೆಯಾದ, ತಾಯಿಯ ಸ್ವಂತ ಖಾತೆಗೆ ಬರುತ್ತದೆ. ಹೆಸರಿನ ಒಂದಕ್ಷರ ಬೇರೆಯಾದರೂ ಅರ್ಜಿ ನಿಂತುಬಿಡಬಹುದು, ಅಲ್ಲೇ ನೋಡಿ ತಿದ್ದಿಸಿ.

ಹೆರಿಗೆಗೆ ಮುಂಚೆ ಕನಿಷ್ಠ 4 ತಪಾಸಣೆ ಆಗಬೇಕು. ಪ್ರತಿ ತಿಂಗಳ 9ರಂದು ಸರ್ಕಾರಿ ಆಸ್ಪತ್ರೆಗಳಲ್ಲಿ ಗರ್ಭಿಣಿಯರನ್ನು ವೈದ್ಯರೇ ನೋಡುತ್ತಾರೆ. ತೂಕ, ಬಿಪಿ, ಹಿಮೋಗ್ಲೋಬಿನ್ ಕಾರ್ಡಿನಲ್ಲಿ ಅಂಕಿಯಾಗಿ ಬರಬೇಕು, ಮೂತ್ರ ಪರೀಕ್ಷೆಯ ಫಲಿತಾಂಶವೂ ಇರಬೇಕು. ‘ನಾರ್ಮಲ್’ ಎಂದಷ್ಟೇ ಬರೆದರೆ ಮುಂದಿನ ಸಲ ಹೋಲಿಸಿ ನೋಡಲು ಏನೂ ಇರುವುದಿಲ್ಲ. ಸಿಸ್ಟರ್ ಹತ್ತಿರ ಕೇಳಿ ಬರೆಸಿಕೊಳ್ಳಿ. ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ, 7ಕ್ಕಿಂತ ಕೆಳಗಿಳಿದರೆ ದೊಡ್ಡ ಆಸ್ಪತ್ರೆಯ ಚಿಕಿತ್ಸೆಯೇ ಬೇಕು.

ಬಹಳ ಮಂದಿ ಎಡವುವುದು ಕಬ್ಬಿಣದ ಮಾತ್ರೆಯಲ್ಲಿ. ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ ಕನಿಷ್ಠ 180 ನುಂಗಬೇಕು, ಹೆರಿಗೆಯ ನಂತರ ಮತ್ತೆ 180. ಮಲ ಕಪ್ಪಾಗುವುದು ಸಹಜ, ಹೆದರಿ ಬಿಡಬೇಡಿ. ವಾಕರಿಕೆ ಬಂದರೆ ರಾತ್ರಿ ಊಟವಾದ ಮೇಲೆ ತೆಗೆದುಕೊಳ್ಳಿ. ಕಾಫಿ, ಟೀ, ಹಾಲಿನ ಜೊತೆ ಬೇಡವೇ ಬೇಡ, ಕಬ್ಬಿಣ ಮೈಗೆ ಹತ್ತುವುದಿಲ್ಲ. ಕ್ಯಾಲ್ಸಿಯಂ ಮಾತ್ರೆಗೂ ಇದಕ್ಕೂ 2 ಗಂಟೆ ಅಂತರವಿರಲಿ.

ಹೆರಿಗೆಗೆ ತವರಿಗೆ ಹೋಗುವಾಗ ಸೀರೆಗಿಂತ ಮೊದಲು ಚೀಲಕ್ಕೆ ಸೇರಬೇಕಾದ್ದು ಈ ಕಾರ್ಡ್. ಎರಡೂ ಊರಿನ ಆಶಾಗೆ ತಿಳಿಸಿ, ಇಲ್ಲವಾದರೆ ಬಾಣಂತಿ ಯಾರ ಪಟ್ಟಿಯಲ್ಲೂ ಇರುವುದಿಲ್ಲ. ಕಾರ್ಡಿನ ಫೋಟೋ ಮೊಬೈಲಿನಲ್ಲಿರಲಿ. ರಕ್ತಸ್ರಾವ, ಬಿಡದ ತಲೆನೋವು, ಕಣ್ಣು ಮಂಜಾಗುವುದು, ಮಗುವಿನ ಮಿಸುಕಾಟ ಕಡಿಮೆಯಾಗುವುದು, ಹೆರಿಗೆ ನೋವಿಲ್ಲದೆ ಗರ್ಭದ ನೀರು ಹೋಗುವುದು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎನ್ನದೆ 108ಕ್ಕೆ ಕರೆ ಮಾಡಿ.

ಮಗು ಹುಟ್ಟಿದ ಮೇಲೆ ಬಿಸಿಜಿ (ಕ್ಷಯ ತಡೆಯುವ ಲಸಿಕೆ), ಪೋಲಿಯೋ ಹನಿ, 24 ಗಂಟೆಯೊಳಗೆ ಹೆಪಟೈಟಿಸ್-ಬಿ ಹಾಕಿಸಿಕೊಂಡೇ ಆಸ್ಪತ್ರೆಯಿಂದ ಹೊರಡಿ. ನಂತರದ ಲಸಿಕೆಗಳು 6, 10, 14 ವಾರಕ್ಕೆ. 9 ತಿಂಗಳು ತುಂಬಿದಾಗ ದಡಾರ-ರುಬೆಲ್ಲಾ. 16ರಿಂದ 24 ತಿಂಗಳೊಳಗೆ ಅದರ ಎರಡನೇ ಡೋಸ್, ಜೊತೆಗೆ ಹಿಂದೆ ಹಾಕಿಸಿದ ಕೆಲವು ಲಸಿಕೆಗಳ ಬೂಸ್ಟರ್ (ಬಲ ಹೆಚ್ಚಿಸುವ ಡೋಸ್). ಬಿಸಿಜಿ ಹಾಕಿದಲ್ಲಿ ಕೆಲವು ವಾರಕ್ಕೆ ಗುಳ್ಳೆಯೆದ್ದು, ಒಡೆದು, ಹಕ್ಕುಗಟ್ಟುತ್ತದೆ. ಅರಿಶಿನ, ಎಣ್ಣೆ, ಮುಲಾಮು ಏನನ್ನೂ ಹಚ್ಚಬೇಡಿ, ತಾನೇ ಒಣಗುತ್ತದೆ. ಸಣ್ಣ ನೆಗಡಿಗೆ ಲಸಿಕೆ ಮುಂದೂಡಬೇಕಿಲ್ಲ. ಚುಚ್ಚಿಸಿದ ಮೇಲೆ ಅರ್ಧ ಗಂಟೆ ಅಲ್ಲೇ ಕೂತಿರಿ. ಜ್ವರದ ಔಷಧಿ ಎಷ್ಟು ಹಾಕಬೇಕೆಂದು ಮಗುವಿನ ತೂಕ ನೋಡಿ ಸಿಸ್ಟರ್ ಕೈಯಲ್ಲೇ ಬರೆಸಿಕೊಳ್ಳಿ. ಒಂದು ಡೋಸ್ ತಪ್ಪಿದೆ, ಬೈಯುತ್ತಾರೆ ಎಂದು ಮನೆಯಲ್ಲೇ ಉಳಿಯಬೇಡಿ. ಮೊದಲಿನಿಂದ ಶುರು ಮಾಡುವುದಿಲ್ಲ, ನಿಂತಲ್ಲಿಂದ ಮುಂದುವರಿಸುತ್ತಾರೆ.