ಮೊದಲು ದನಿ, ಆಮೇಲೆ ಕ್ಯಾಮೆರಾ: 30 ಸೆಕೆಂಡಿನ ಜಾಹೀರಾತು ಕಟ್ಟಿದ ನನ್ನ ಅನುಭವ

ಶೂಟಿಂಗ್‌ಗೆ ಮೊದಲೇ ಸೌಂಡ್ ಟ್ರ್ಯಾಕ್ ಪೂರ್ತಿ ಎಡಿಟ್ ಮಾಡಿಟ್ಟುಕೊಳ್ಳುವುದು ನನ್ನ ಕ್ರಮ. "ಚಿತ್ರವೇ ಇಲ್ಲದೆ ಏನನ್ನು ಎಡಿಟ್ ಮಾಡ್ತೀರಿ?" ಎಂದು ಕ್ಯಾಮೆರಾದವರೂ ಕೇಳಿದರು, ದುಡ್ಡು ಹಾಕುವವರೂ ಕೇಳಿದರು. ಬೀಗದ ಜಾಹೀರಾತೊಂದು ಇದೇ ಕ್ರಮದಲ್ಲಿ ಮುಗಿದ ಮೇಲೆ ಮುಂದಿನ ಕೆಲಸಕ್ಕೂ ಹೀಗೇ ಮಾಡಿ ಅಂದವರು ಅವರೇ. ಕಸುಬು ಬಲ್ಲವರಿಗಾಗಿ ಬರೆಯುತ್ತಿರುವುದರಿಂದ ಮೂಲಪಾಠ ಬಿಟ್ಟಿದ್ದೇನೆ.

30 ಸೆಕೆಂಡಿಗೆ ಇಷ್ಟು ಪದ ಎಂಬ ಇಂಗ್ಲಿಷ್ ಲೆಕ್ಕ ಕನ್ನಡಕ್ಕೆ ಒಗ್ಗುವುದಿಲ್ಲ. ಪ್ರತ್ಯಯಗಳು ಸೇರಿ ನಮ್ಮ ಪದ ಉದ್ದವಾಗುತ್ತದೆ. ಆದ್ದರಿಂದ ಅಕ್ಷರ ಎಣಿಸುತ್ತೇನೆ. ಅವಸರವಿಲ್ಲದ ಓದಿಗೆ ಸೆಕೆಂಡಿಗೆ ಐದರ ಆಸುಪಾಸು. ಪೂರ್ತಿ ತುಂಬಿದರೆ 150 ಅಕ್ಷರ ಹಿಡಿಯುತ್ತದೆ. ನಾನು 90ರ ಹತ್ತಿರ ನಿಲ್ಲಿಸುತ್ತೇನೆ. ಉಳಿದ ಜಾಗ ಮೌನಕ್ಕೆ, ಬೀಗದ ಸದ್ದಿಗೆ.

ಕೈಗೆ ಬಂದ ಸಾಲು ಹೀಗಿತ್ತು: "ಅತ್ಯಾಧುನಿಕ ತಂತ್ರಜ್ಞಾನದಿಂದ ತಯಾರಾದ ಅತ್ಯುತ್ತಮ ಗುಣಮಟ್ಟದ ಬೀಗ." ಆರು ಪದ, 26 ಅಕ್ಷರ, ಐದು ಸೆಕೆಂಡ್ ಖರ್ಚು, ಕೇಳಿದವರ ಕಣ್ಣ ಮುಂದೆ ಒಂದು ಚಿತ್ರವೂ ಮೂಡುವುದಿಲ್ಲ. ಬದಲಿಗೆ ಇಟ್ಟದ್ದು: "ಒಮ್ಮೆ ಹಾಕಿ. ಎಳೆದು ನೋಡೋದು ಬಿಡಿ." 12 ಅಕ್ಷರ. ಬೀಗ ಹಾಕಿದವರೆಲ್ಲ ಒಮ್ಮೆ ಜಗ್ಗಿ ನೋಡುತ್ತಾರೆ, ಆ ಅಭ್ಯಾಸವನ್ನೇ ಸಾಲು ಹಿಡಿಯುತ್ತದೆ. ವಿಶೇಷಣ ತೆಗೆದು ಕ್ರಿಯಾಪದ ಹಾಕಿದರೆ ಏನು ಶೂಟ್ ಮಾಡಬೇಕೆಂಬುದೂ ಅಲ್ಲೇ ಸಿಗುತ್ತದೆ. "ನೀವು" ಬೇಕಿಲ್ಲ, ಕ್ರಿಯಾಪದದಲ್ಲೇ ಅದು ಇದೆ. "ನೋಡುವುದನ್ನು ಬಿಟ್ಟುಬಿಡಿ" ಎಂದೂ ಓದಿಸಿ ನೋಡಿದೆ, ಸರ್ಕಾರಿ ಪ್ರಕಟಣೆಯಂತಾಯಿತು. ಪಿಸುಮಾತಿನಲ್ಲಿ ಓದಿಸಿದಾಗ ಕಳ್ಳನೇ ಮಾತಾಡಿದ ಹಾಗೆ ಕೇಳಿತು. "ನಂ. 1", "ನೂರಕ್ಕೆ ನೂರು ಸುರಕ್ಷಿತ" ಎಂದು ಬರೆದರೆ ಪ್ರಸಾರಕ್ಕೆ ಮುನ್ನ ಪುರಾವೆ ಕೇಳುತ್ತಾರೆ. ಪುರಾವೆ ಇಲ್ಲದಿದ್ದರೆ ಮತ್ತೆ ರೆಕಾರ್ಡಿಂಗ್, ಮತ್ತೆ ಮಿಕ್ಸಿಂಗ್ ಖರ್ಚು.

ಸ್ಕ್ರ್ಯಾಚ್ ದನಿಯನ್ನು, ಅಂದರೆ ಅಳತೆಗಾಗಿ ಓದಿಟ್ಟುಕೊಳ್ಳುವ ಕಚ್ಚಾ ದನಿಯನ್ನು, ಕಂಬಳಿ ಹೊದ್ದು ಫೋನಿನಲ್ಲೇ ರೆಕಾರ್ಡ್ ಮಾಡಿದರೆ ಸಾಕು. ವಿಡಿಯೋದ ಒಂದೊಂದು ಬಿಡಿ ಚಿತ್ರವೇ ಫ್ರೇಮ್; ಸೆಕೆಂಡಿಗೆ 25 ಫ್ರೇಮಿನಂತೆ 30 ಸೆಕೆಂಡ್ ಅಂದರೆ 750 ಫ್ರೇಮ್. ಮೊದಲ ಮೂರು ಸೆಕೆಂಡ್ ಮಾತಿಲ್ಲ, ಬೀಗದೊಳಗೆ ಕೀಲಿ ಜಾರುವ ಸದ್ದು ಮಾತ್ರ. ಬೀಗದ ಹೆಸರು ಹೇಳುವ ಮುಂಚೆ 18 ಫ್ರೇಮ್‌ನಷ್ಟು ಬಿಡುವು. ಆ ಬಿಡುವಿನಲ್ಲಿ ಟ್ರ್ಯಾಕ್ ಪೂರ್ತಿ ಖಾಲಿ ಇರಬಾರದು, ಸ್ಪೀಕರ್ ಕೆಟ್ಟಿತು ಅನ್ನಿಸುತ್ತದೆ. ಅದೇ ಕೋಣೆಯ ರೂಮ್ ಟೋನ್, ಅಂದರೆ ಯಾರೂ ಮಾತಾಡದಾಗಲೂ ಇರುವ ಸಣ್ಣ ಸದ್ದು, ಹಾಸಬೇಕು. ಅರ್ಧ ನಿಮಿಷ ಹಿಡಿದಿಟ್ಟುಕೊಂಡರೆ ಸಾಲುತ್ತದೆ.

ಸಂಗೀತದ ವೇಗದಲ್ಲಿ ಬಹಳ ಜನ ಎಡವುತ್ತಾರೆ. ನಿಮಿಷಕ್ಕೆ 120 ಬೀಟ್ ಇಟ್ಟರೆ ಒಂದು ಬೀಟ್ ಹನ್ನೆರಡೂವರೆ ಫ್ರೇಮ್, ಒಂದು ಶಾಟಿನಿಂದ ಇನ್ನೊಂದಕ್ಕೆ ಹೋಗುವ ಕಟ್ ಅರ್ಧ ಫ್ರೇಮಿಗೆ ಕೂರುವುದೇ ಇಲ್ಲ. 125 ಇಟ್ಟರೆ ಸರಿಯಾಗಿ 12 ಫ್ರೇಮ್, 100 ಇಟ್ಟರೆ 15. ನಾನು 100 ಹಿಡಿದೆ: 30 ಸೆಕೆಂಡಿಗೆ 50 ಬೀಟ್, ಲೆಕ್ಕ ಬೆರಳ ತುದಿಯಲ್ಲಿ. ಕಟ್ ಬೀಟಿನ ಮೇಲೆ ಬೇಡ, ಒಂದೆರಡು ಫ್ರೇಮ್ ಮುಂಚೆ ಬೀಳಲಿ.

ಬೀಗದ "ಕ್ಲಿಕ್" ಬರೀ ಒಂದು ಮೈಕಿನಲ್ಲಿ ತೆಳ್ಳಗೆ ಬರುತ್ತದೆ. ಹತ್ತು ಸೆಂಟಿಮೀಟರ್ ದೂರದ ಮೈಕ್ ಚುರುಕು ಸದ್ದು ಹಿಡಿಯುತ್ತದೆ. ಅದೇ ಬೀಗವನ್ನು ಮರದ ಬಾಗಿಲಿಗೆ ಹಾಕಿ, ಬಾಗಿಲ ಹಿಂಬದಿಯಿಂದ ಇನ್ನೊಂದು ಪದರ ತೆಗೆಯಬೇಕು. ಮೂರನೆಯ ಪದರವೂ ಇದೆ, ಅದನ್ನು ಇಲ್ಲಿ ಹೇಳುವುದಿಲ್ಲ. ಅದೂ ಅದೇ ಬೀಗದ್ದು ಎಂಬುದಷ್ಟೇ ಮುಖ್ಯ. ಬೇರೆ ವಸ್ತುವಿನ ಸದ್ದು ತಂದು ಕೂರಿಸುವುದು ನನಗೆ ಒಪ್ಪಿಗೆಯಿಲ್ಲ, ಕೊಂಡವರು ಮನೆಯಲ್ಲಿ ಆ ಸದ್ದಿಗೆ ಕಾಯುತ್ತಾರೆ. ಫೋನ್ ಸ್ಪೀಕರಿನಲ್ಲಿ 200 ಹರ್ಟ್ಸ್‌ನ ಕೆಳಗೆ ಹೆಚ್ಚೇನೂ ಕೇಳದು. ದಪ್ಪ ಸದ್ದಿಗೆ ಸ್ವಲ್ಪ ಸ್ಯಾಚುರೇಷನ್ (ತುಸು ಒರಟುತನ) ಕೊಟ್ಟರೆ ಅದರ ಮೇಲಿನ ಹಾರ್ಮೋನಿಕ್‌ಗಳಾದರೂ (ಅದೇ ಸದ್ದಿನ ಎತ್ತರದ ಸ್ವರಗಳು) ಕಿವಿಗೆ ಮುಟ್ಟುತ್ತವೆ.

ಶೂಟಿಂಗ್‌ನಲ್ಲಿ ಸೆಕೆಂಡಿಗೆ 100 ಫ್ರೇಮಿನ ಸ್ಲೋ ಮೋಷನ್ ನೋಡಲು ಚೆಂದ, ಆದರೆ ಕ್ಲಿಕ್ ಜೊತೆ ಕೂಡಿಸಿದಾಗ ಎರಡೂ ನಕಲಿ ಅನ್ನಿಸಿದವು. 25 ಫ್ರೇಮ್, ಶಟರ್ (ಪ್ರತಿ ಫ್ರೇಮಿಗೆ ಬೆಳಕು ಬೀಳುವ ಹೊತ್ತು) 1/50 ಸೆಕೆಂಡಿಗೇ ಮರಳಿದೆವು. 50 ಹರ್ಟ್ಸ್ ವಿದ್ಯುತ್ತಿನ ಅಗ್ಗದ ಎಲ್‌ಇಡಿ ಮಿನುಗದಿರಲೂ ಇದೇ ಶಟರ್ ಒಳ್ಳೆಯದು. ತೀರಾ ಹತ್ತಿರದಿಂದ ಹಿಡಿಯುವ 100 ಮಿ.ಮೀ. ಮ್ಯಾಕ್ರೋ ಲೆನ್ಸಿನ ಕಿಂಡಿ ಎಫ್ 2.8ರಷ್ಟು ಅಗಲವಿದ್ದರೆ ಕೀಲಿಯ ತುದಿ ಮಾತ್ರ ಫೋಕಸ್ ಆಗುತ್ತದೆ, ಕಿರಿದಾದ ಎಫ್ 8 ಬೇಕು. ಬೆಳಕು ಅದಕ್ಕೆ ತಕ್ಕಂತೆ ಎಂಟು ಪಟ್ಟು. ಹೊಳೆಯುವ ಲೋಹಕ್ಕೆ ನೇರ ಲೈಟ್ ಹೊಡೆಯದೆ ಬಿಳಿ ಹಾಳೆಗೆ ಹೊಡೆದು, ಅಂಚು ಕಾಣಲು ಪಕ್ಕದಲ್ಲಿ ಕಪ್ಪು ರಟ್ಟು ನಿಲ್ಲಿಸಿ.

ದನಿ ಆಫ್ ಮಾಡಿ ನೋಡುವವರಿಗೆ ಸಬ್‌ಟೈಟಲ್ ಬೇಕೇ ಬೇಕು. ಕೆಲವು ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಅಕ್ಷರ ಜೋಡಿಸುವ ಟೆಕ್ಸ್ಟ್ ಎಂಜಿನ್ನನ್ನು ದಕ್ಷಿಣ ಏಷ್ಯಾದ ಲಿಪಿಗಳಿಗೆ ಬದಲಿಸದಿದ್ದರೆ ಒತ್ತಕ್ಷರ ಒಡೆಯುತ್ತದೆ. ಎರಡು ಸಾಲಿದ್ದರೆ ಮೇಲಿನ ಒತ್ತು ಕೆಳಗಿನ ಗುಣಿತಕ್ಕೆ ತಾಗುತ್ತದೆ, ಅಂತರ ಅಕ್ಷರದ ಗಾತ್ರದ ಒಂದೂವರೆ ಪಟ್ಟಾದರೂ ಇರಲಿ.

ಮಿಕ್ಸ್‌ನಲ್ಲಿ ಸಂಗೀತ ದನಿಗಿಂತ 12ರಿಂದ 15 ಡೆಸಿಬೆಲ್ ಕೆಳಗೆ. ಯೂರೋಪಿನ ಟಿವಿ ಮಾನದಂಡ ಇಬಿಯು ಆರ್ 128 ಕೇಳುವುದು −23 ಎಲ್‌ಯುಎಫ್‌ಎಸ್ (ಒಟ್ಟಾರೆ ಸದ್ದು ಎಷ್ಟು ಜೋರು ಎಂಬುದರ ಅಳತೆ), ಯೂಟ್ಯೂಬ್‌ನ ಮಟ್ಟ −14ರ ಹತ್ತಿರ. ಎಲ್ಲವನ್ನೂ ಜೋರಾಗಿ ಒತ್ತಿಟ್ಟರೆ ಯೂಟ್ಯೂಬ್‌ನವರು ಇಳಿಸಿಯೇ ಇಳಿಸುತ್ತಾರೆ, ಆಗ ಕ್ಲಿಕ್‌ಗೂ ಮಾತಿಗೂ ಅಂತರವೇ ಉಳಿಯುವುದಿಲ್ಲ.

ದುಡ್ಡಿನ ಮಾತು: ಎರಡು ದಿನಕ್ಕೆ ಹಾಕಿದ್ದ ಶೂಟಿಂಗ್ ಒಂದೇ ದಿನದಲ್ಲಿ ಮುಗಿಯಿತು, ಯಾವ ಶಾಟ್ ಎಷ್ಟು ಫ್ರೇಮ್ ಎಂದು ಮೊದಲೇ ಗೊತ್ತಿತ್ತು. ಬಜೆಟ್ಟಿನಲ್ಲಿ ಸುಮಾರು ಕಾಲುಭಾಗ ಉಳಿದಿರಬೇಕು. ಅದರಲ್ಲಿ ಒಂದು ಪಾಲು ಸಂಗೀತದ ಹಕ್ಕಿಗೆ ಹೋಯಿತು. ಟಿವಿಗೂ ಆನ್‌ಲೈನಿಗೂ ಬೇರೆ ಬೇರೆ ಹಕ್ಕು, ಒಪ್ಪಂದ ಓದದೆ ಸಹಿ ಹಾಕಬೇಡಿ. ಅದೇ ಫೂಟೇಜಿನಿಂದ 150 ಫ್ರೇಮಿನ, ಅಂದರೆ 6 ಸೆಕೆಂಡಿನ ತುಣುಕೂ ಬಂತು: ಕೀಲಿ, ಕ್ಲಿಕ್, ಆ 12 ಅಕ್ಷರ, ಹೆಸರು. ಅದಕ್ಕೆ ಹೊಸದಾಗಿ ಒಂದು ಶಾಟೂ ಬೇಕಾಗಲಿಲ್ಲ.