ಬೈಪೋಲಾರ್ ಡಿಪ್ರೆಶನ್‌ಗೆ ಫಿಟ್ಸ್ ಮಾತ್ರೆ ಕೊಡುವಾಗ

ಮನಸ್ಸು ಒಮ್ಮೆ ತೀರಾ ಏರಿ (ಉನ್ಮಾದ), ಒಮ್ಮೆ ತೀರಾ ಕುಗ್ಗುವ (ಡಿಪ್ರೆಶನ್) ಬೈಪೋಲಾರ್ ಕಾಯಿಲೆ ಇರುವವರಿಗೆ ಲ್ಯಾಮೊಟ್ರಿಜಿನ್ ಬರೆದುಕೊಟ್ಟರೆ ಮನೆಯವರ ಫೋನ್ ಬರುವುದು ಹೆಚ್ಚುಕಮ್ಮಿ ಖಾತ್ರಿ. "ಡಾಕ್ಟ್ರೇ, ಮೆಡಿಕಲ್ ಶಾಪಿನವರು ಇದು ಫಿಟ್ಸ್ ಮಾತ್ರೆ ಅಂದ್ರು. ನಮ್ಮ ಹುಡುಗನಿಗೆ ಫಿಟ್ಸ್ ಇಲ್ವಲ್ಲ!" ಹಾಗಾಗಿ ಈಗ ಚೀಟಿ ಕೊಡುವಾಗಲೇ ಹೇಳಿಬಿಡುತ್ತೇನೆ: ಹೌದು, ಫಿಟ್ಸ್‌ಗೂ ಇದೇ, ಮನಸ್ಸಿನ ಏರಿಳಿತಕ್ಕೂ ಇದೇ.

ಅದಕ್ಕೂ ಮೊದಲು ಮನೆಯವರನ್ನು ಕೂರಿಸಿ ಕೇಳುತ್ತೇನೆ. ನಿದ್ದೆ ಇಲ್ಲದಿದ್ದರೂ ಸುಸ್ತಾಗದೆ ಓಡಾಡಿದ, ಸಿಕ್ಕಾಪಟ್ಟೆ ಖರ್ಚು ಮಾಡಿದ ದಿನಗಳು ಇದ್ದವಾ? ರೋಗಿ ತಾನಾಗಿ ಇದನ್ನು ಹೇಳುವುದು ಕಡಿಮೆ. ಅವರ ಲೆಕ್ಕದಲ್ಲಿ ಅವು ಚೆನ್ನಾಗಿದ್ದ ದಿನಗಳು, ಅಲ್ವಾ? ಅಂಥವರಿಗೆ ಬರೀ ಡಿಪ್ರೆಶನ್ ಮಾತ್ರೆ ಕೊಟ್ಟರೆ ಮನಸ್ಸು ಉನ್ಮಾದಕ್ಕೆ ತಿರುಗಿಬಿಡಬಹುದು.

ಲ್ಯಾಮೊಟ್ರಿಜಿನ್‌ನಿಂದ ಆ ಭಯ ಕಡಿಮೆ. ತೂಕವೂ ಅಷ್ಟಾಗಿ ಏರುವುದಿಲ್ಲ. ಆದರೆ ಬೇಗ ಕೆಲಸ ಮಾಡುವ ಔಷಧಿಯಲ್ಲ. 2003ರಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಇದಕ್ಕೆ ಒಪ್ಪಿಗೆ ಕೊಟ್ಟಿದ್ದು ಕಾಯಿಲೆ ಮರುಕಳಿಸುವುದನ್ನು ಮುಂದೂಡಲು, ಈಗಿರುವ ಡಿಪ್ರೆಶನ್ ಇಳಿಸಲು ಅಲ್ಲ. ತೀರಾ ಕುಗ್ಗಿ ಬಂದವರಿಗೆ ನಾನು ಇದೊಂದನ್ನೇ ನಂಬಿ ಕೂರುವುದಿಲ್ಲ. ಜೊತೆಗೆ ಬೈಪೋಲಾರ್ ಡಿಪ್ರೆಶನ್‌ಗೆ ಕೊಡುವ ಕ್ವೆಟಿಯಾಪಿನ್‌ನಂಥ ಇನ್ನೊಂದು ಮಾತ್ರೆ ಇರುತ್ತದೆ. ಸಾಯುವ ಮಾತಾಡಿದರೆ ಅಡ್ಮಿಟ್ ಮಾಡುವ ಯೋಚನೆಯೂ ಬೇಕು.

ಡೋಸ್ ವಿಷಯದಲ್ಲಿ ಮಾತ್ರ ನಾನು ಜಗ್ಗುವುದಿಲ್ಲ. 2 ವಾರ ದಿನಕ್ಕೆ 25 ಮಿಲಿಗ್ರಾಂ, ಇನ್ನೆರಡು ವಾರ 50, ಮುಂದಿನ ವಾರ 100, ಆಮೇಲೆ ಸಾಮಾನ್ಯವಾಗಿ 200. ಫಿಟ್ಸ್‌ಗೂ ಮನಸ್ಸಿನ ಏರಿಳಿತಕ್ಕೂ ಕೊಡುವ ಇನ್ನೊಂದು ಔಷಧಿ ವಾಲ್ಪ್ರೊಯೇಟ್ ಕೂಡ ತಗೊಳ್ಳುತ್ತಿದ್ದರೆ ಎಲ್ಲವೂ ಅರ್ಧ. ಅದು ಲ್ಯಾಮೊಟ್ರಿಜಿನ್ ದೇಹದಿಂದ ಬೇಗ ಹೋಗದಂತೆ ತಡೆಯುತ್ತದೆ. ಅಂಥದ್ದೇ ಇನ್ನೊಂದು ಔಷಧಿ ಕಾರ್ಬಮಜೆಪಿನ್ ಇದ್ದರೆ ಉಲ್ಟಾ, ಡೋಸ್ ಜಾಸ್ತಿ ಬೇಕು. ಇದನ್ನೆಲ್ಲ ಮನೆಯ ಕ್ಯಾಲೆಂಡರ್ ಮೇಲೆ ಬರೆದುಕೊಳ್ಳಿ ಅನ್ನುತ್ತೇನೆ. "ಇನ್ನೂ ಗುಣ ಕಾಣ್ತಿಲ್ಲ, ಎರಡು ನುಂಗಲಾ?" ಅಂತ ಕೇಳುವವರು ಬೇಕಾದಷ್ಟು ಜನ. ಬೇಡವೇ ಬೇಡ. ಬೇಗ ಏರಿಸಿದಷ್ಟೂ ಮೈಮೇಲೆ ದದ್ದು ಏಳುವ ಅಪಾಯ ಜಾಸ್ತಿ. ಅಪರೂಪಕ್ಕೆ ಅದು ಚರ್ಮ ಸುಲಿದು ಬರುವ ಸ್ಟೀವನ್ಸ್-ಜಾನ್ಸನ್ ಸಿಂಡ್ರೋಮ್ ಆಗಿ ಜೀವಕ್ಕೇ ಕುತ್ತು ತರುತ್ತದೆ. ಹೆಚ್ಚಾಗಿ ಮೊದಲ 2ರಿಂದ 8 ವಾರದೊಳಗೆ. ದದ್ದು, ಜ್ವರ, ಬಾಯಿಹುಣ್ಣು, ಕೆಂಪು ಕಣ್ಣು ಕಂಡರೆ ಮಾತ್ರೆ ನಿಲ್ಲಿಸಿ ಅವತ್ತೇ ಬರಬೇಕು.

ಜಾತ್ರೆಗೆಂದು ಊರಿಗೆ ಹೋಗಿ ವಾರ ಪೂರ್ತಿ ಮಾತ್ರೆ ಬಿಟ್ಟು ಬರುವವರೂ ಇದ್ದಾರೆ. ಅವರು ನೇರವಾಗಿ 200ಕ್ಕೆ ಮರಳುವಂತಿಲ್ಲ. ಮತ್ತೆ 25ರಿಂದಲೇ ಶುರು. ಮುಖ ಸಣ್ಣದು ಮಾಡ್ತಾರೆ, ಏನ್ ಮಾಡೋದು!

ಹೆಣ್ಣುಮಕ್ಕಳಿಗೆ ಇನ್ನೊಂದು ಪ್ರಶ್ನೆ ಕೇಳಲೇಬೇಕು: ಗರ್ಭ ನಿಲ್ಲದಿರಲು ಮಾತ್ರೆ ತಗೊಳ್ತಿದ್ದೀರಾ? ಈಸ್ಟ್ರೋಜನ್ ಹಾರ್ಮೋನ್ ಇರುವ ಮಾತ್ರೆಯಾದರೆ ರಕ್ತದಲ್ಲಿ ಲ್ಯಾಮೊಟ್ರಿಜಿನ್ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಅತ್ತೆ ಪಕ್ಕದಲ್ಲೇ ಕೂತಿದ್ದರೆ ಯಾವ ಸೊಸೆಯೂ ಬಾಯಿ ಬಿಡುವುದಿಲ್ಲ. ಅದಕ್ಕೇ ಅಷ್ಟು ಹೊತ್ತು ಜೊತೆಗೆ ಬಂದವರನ್ನು ಹೊರಗೆ ಕಳಿಸುತ್ತೇನೆ.